ರದ್ದಿಯಿಂದ ಗೋಡೆಗೆ: ಕೊಲಾಜ್ ಕುರಿತು ನಿಮ್ಮ ಪ್ರಶ್ನೆಗಳು

ಹಳೆಯ ನಿಯತಕಾಲಿಕೆಗಳ ಹಾಳೆಯಿಂದ ಕೊಲಾಜ್, ಅಂದರೆ ಕಾಗದದ ಚೂರುಗಳನ್ನು ಅಂಟಿಸಿದ ಚಿತ್ರ, ಮಾಡುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಹಲವರು ಪ್ರಶ್ನೆ ಕಳುಹಿಸಿದ್ದೀರಿ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ನಾನು ಯಾರು ಎಂದು ಕೇಳಿದವರಿಗೆ ಒಂದು ಮಾತು: ಪುಟವಿನ್ಯಾಸಕ್ಕೆ ಕಂಪ್ಯೂಟರ್ ಬರುವ ಮೊದಲು ಒಂದು ಮಾಸಪತ್ರಿಕೆಯಲ್ಲಿ ಒಂಬತ್ತು ವರ್ಷ ಪುಟ ಅಂಟಿಸುವ ಕೆಲಸ ಮಾಡಿದವಳು ನಾನು. ಬ್ಲೇಡು, ಉಕ್ಕಿನ ಅಳತೆಪಟ್ಟಿ, ಅಂಟು ಇವೇ ನನ್ನ ಕಚೇರಿಯಾಗಿದ್ದವು. ಆ ಕೆಲಸ ನಿಂತುಹೋಯಿತು, ಕೈಯ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ಕೊಲಾಜ್‌ಗೆ ನಾನು ಬಂದದ್ದು ಹಾಗೆ.

ಪ್ರಶ್ನೆ: ಮೇಡಂ, ಚೆಂದದ ಚಿತ್ರಗಳನ್ನೇ ಆರಿಸಿ, ಅಂಚು ಕೆಡದಂತೆ ಕತ್ತರಿಸಿ ಅಂಟಿಸುತ್ತೇನೆ. ಆದರೂ ಮುಗಿದ ಮೇಲೆ ನೋಡಿದರೆ ಶಾಲಾ ಮಕ್ಕಳ ಆಲ್ಬಮ್ಮಿನ ಹಾಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಚೆಂದದ ಚಿತ್ರಗಳನ್ನು ಆರಿಸುವಲ್ಲಿಯೇ ತಪ್ಪುತ್ತಿದ್ದೀರಿ. ಹೂವಿನ ಚಿತ್ರ ಕತ್ತರಿಸಿ ಹೂವಿನ ಜಾಗದಲ್ಲಿ ಅಂಟಿಸಿದರೆ ನೋಡುವವರಿಗೆ ಕಾಣುವುದು ಯಾರೋ ಛಾಯಾಗ್ರಾಹಕರು ತೆಗೆದ ಹೂವು. ನೀವು ಮಾಡಿದ್ದೇನೂ ಅದರಲ್ಲಿ ಉಳಿಯುವುದಿಲ್ಲ. ಹಾಳೆ ತಿರುವುವಾಗ ಅದರಲ್ಲಿ ಏನಿದೆ ಎಂದು ನೋಡುವುದನ್ನು ಕೆಲವು ದಿನ ಬಿಡಿ. ಯಾವ ಬಣ್ಣವಿದೆ, ಆ ಬಣ್ಣ ಎಲ್ಲಿ ಕಪ್ಪಾಗುತ್ತದೆ, ಎಲ್ಲಿ ತಿಳಿಯಾಗುತ್ತದೆ ಎಂಬುದನ್ನು ಮಾತ್ರ ನೋಡಿ. ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ತಿರುವಿದರೆ ಇದು ಬೇಗ ಕೈಗೂಡುತ್ತದೆ, ಏಕೆಂದರೆ ಮುಖ ಮುಖವಾಗಿ ಕಾಣುವುದಿಲ್ಲ, ಅಕ್ಷರ ಅಕ್ಷರವಾಗಿ ಓದಿಸಿಕೊಳ್ಳುವುದಿಲ್ಲ.

ನನ್ನ ಬಳಿ ಹದಿನಾಲ್ಕು ಚಪ್ಪಟೆ ಪೆಟ್ಟಿಗೆಗಳಿವೆ. ಪ್ರಾಣಿ, ಮನುಷ್ಯ, ಕಟ್ಟಡ ಎಂದು ಯಾವ ಪೆಟ್ಟಿಗೆಯ ಮೇಲೂ ಬರೆದಿಲ್ಲ. ಬಣ್ಣದ ಹೆಸರಷ್ಟೇ ಇದೆ. ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಬೂದು ಬಣ್ಣದ ಪೆಟ್ಟಿಗೆ. ಕೆಂಪು, ಹಳದಿಗಳನ್ನು ಕೂಡಿಡುವುದು ಎಲ್ಲರಿಗೂ ಇಷ್ಟ. ಆದರೆ ಚಿತ್ರವನ್ನು ಹಿಡಿದು ನಿಲ್ಲಿಸುವುದು ಬೂದು.

ಕಳೆದ ತಿಂಗಳು ಒಂದು ಕಾಗೆಯನ್ನು ಮಾಡುತ್ತಿದ್ದೆ. ಅಂಗೈಯಗಲದ ಒಂದು ರೆಕ್ಕೆಗೆ ಇಪ್ಪತ್ತಮೂರು ಚೂರು ಹಿಡಿಯಿತು. ಎಲ್ಲವೂ ಕಪ್ಪೇ, ಆದರೆ ಒಂದೂ ಇನ್ನೊಂದರ ಹಾಗಿಲ್ಲ. ತಲೆಗೂದಲಿನ ಎಣ್ಣೆಯ ಜಾಹೀರಾತಿನಿಂದ ಬಂದ ಕಪ್ಪಿನಲ್ಲಿ ಕಂದು ಹೊಳಪಿತ್ತು. ಕಾರಿನ ಟೈರಿನ ಕಪ್ಪು ಒಣಗಿದ ಮಣ್ಣಿನಂತಿತ್ತು. ಕೈಗಡಿಯಾರದ ಜಾಹೀರಾತಿನ ಹಿನ್ನೆಲೆಯಲ್ಲಿ ನೀಲಿ ಬೆರೆತ ಕಪ್ಪು ಸಿಕ್ಕಿತು. ಅದನ್ನು ರೆಕ್ಕೆಯ ಭುಜದಲ್ಲಿ, ಬೆಳಕು ಬೀಳುವ ಕಡೆ ಇಟ್ಟ ಕೂಡಲೇ ಕಾಗೆಗೆ ಮೈ ಬಂತು. ಇದಕ್ಕೆ ಕಾರಣ ಭೂತಗನ್ನಡಿಯಲ್ಲಿ ಕಾಣುತ್ತದೆ. ಪತ್ರಿಕೆಯ ಬಣ್ಣದ ಚಿತ್ರವೆಂದರೆ ನಾಲ್ಕು ಶಾಯಿಗಳ ಸಣ್ಣ ಚುಕ್ಕಿಗಳು: ಸಯಾನ್ ಎಂಬ ತಿಳಿನೀಲಿ, ಮಜೆಂತಾ ಎಂಬ ನೇರಳೆಗೆಂಪು, ಹಳದಿ ಮತ್ತು ಕಪ್ಪು. ಛಾಯಾಚಿತ್ರದ ಕಪ್ಪು ಬರೀ ಕಪ್ಪು ಶಾಯಿಯಿಂದ ಬಂದದ್ದಲ್ಲ, ಅದರಡಿಯಲ್ಲಿ ಉಳಿದ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಕೂತಿರುತ್ತವೆ. ನೀವೂ ಒಂದೇ ಬಣ್ಣದಿಂದ ಶುರುಮಾಡಿ. ಒಂದು ವಸ್ತು, ಒಂದು ಬಣ್ಣ, ಇಪ್ಪತ್ತು ಚೂರು. ಅಂಟು ಮುಟ್ಟುವ ಮೊದಲು ಚೂರುಗಳನ್ನು ಜೋಡಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಎದ್ದು ನೋಡಿ.

ಕತ್ತರಿಯನ್ನೇ ನೆಚ್ಚಿಕೊಳ್ಳಬೇಡಿ, ಕೈಯಿಂದಲೂ ಹರಿಯಿರಿ. ನುಣುಪು ಕಾಗದವನ್ನು ಹರಿದಾಗ ಎರಡು ಭಾಗಗಳಲ್ಲಿ ಒಂದಕ್ಕೆ ಬಿಳಿ ಅಂಚು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಹರಿಯುವ ದಿಕ್ಕು ಬದಲಿಸಿದರೆ ಬಿಳಿ ಅಂಚು ಆಚೆಯ ಭಾಗಕ್ಕೆ ಹೋಗುತ್ತದೆ. ನಾಲ್ಕು ಹಾಳೆ ಹರಿಯುವಷ್ಟರಲ್ಲಿ ಕೈಗೆ ಗೊತ್ತಾಗುತ್ತದೆ. ನೀರಿನ ಮೇಲಿನ ನೊರೆಗೆ, ಮೋಡದ ಅಂಚಿಗೆ, ಬೆಳಕಿಗೆ ಎದುರಾಗಿ ನಿಂತ ಎಲೆಗೆ ಈ ಬಿಳಿ ಗೆರೆಗಿಂತ ಒಳ್ಳೆಯ ಬಣ್ಣ ಯಾವ ಕುಂಚದಲ್ಲೂ ಇಲ್ಲ.

ಪ್ರಶ್ನೆ: ಅಂಟಿಸುವಾಗ ಸಮತಟ್ಟಾಗಿರುವ ಕಾಗದ ಹತ್ತು ನಿಮಿಷದಲ್ಲಿ ಸುಕ್ಕುಗಟ್ಟುತ್ತದೆ, ಗುಳ್ಳೆ ಏಳುತ್ತದೆ. ಅಂಟು ಬದಲಾಯಿಸಿ ನೋಡಿದ್ದಾಯಿತು. ಏನು ಮಾಡಲಿ?

ಉತ್ತರ: ಹೆಚ್ಚು ಪತ್ರಗಳು ಬಂದದ್ದು ಇದರ ಬಗ್ಗೆಯೇ. ಎಲ್ಲರೂ ಅಂಟನ್ನೇ ದೂರಿದ್ದೀರಿ. ಅಂಟಿನ ತಪ್ಪು ಕಡಿಮೆ, ನಮ್ಮ ಅವಸರದ ತಪ್ಪು ಹೆಚ್ಚು.

ಕಾಗದವೆಂದರೆ ನಾರು. ಯಂತ್ರದಲ್ಲಿ ಕಾಗದ ತಯಾರಾಗುವಾಗ ಹೆಚ್ಚಿನ ನಾರುಗಳು ಅದು ಓಡುವ ದಿಕ್ಕಿಗೇ ಮಲಗುತ್ತವೆ. ಮುದ್ರಣದವರು ಇದನ್ನು ಗ್ರೇನ್ ಎನ್ನುತ್ತಾರೆ. ನೀರು ಕುಡಿದ ನಾರು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಊದಿಕೊಳ್ಳುತ್ತದೆ. ಆದ್ದರಿಂದ ಒದ್ದೆಯಾದ ಹಾಳೆ ಗ್ರೇನಿಗೆ ಅಡ್ಡವಾಗಿ ಹಿಗ್ಗುತ್ತದೆ. ಹಿಗ್ಗಿ ಮುಗಿಯುವ ಮೊದಲೇ ನೀವು ಅದನ್ನು ರಟ್ಟಿಗೆ ಒತ್ತಿಬಿಟ್ಟರೆ, ಉಳಿದ ಹಿಗ್ಗುವಿಕೆ ರಟ್ಟಿನ ಮೇಲೆಯೇ ಆಗಬೇಕು. ಹೋಗಲು ಬೇರೆ ಜಾಗವಿಲ್ಲದೆ ಅದು ಸುಕ್ಕಾಗಿ ಏಳುತ್ತದೆ.

ಹಾಗಾಗಿ ಚೂರಿನ ಹಿಂಬದಿಗೆ ತೆಳುವಾಗಿ ಅಂಟು ಹಚ್ಚಿ ಕಾಯಿರಿ. ಗಡಿಯಾರ ನೋಡಬೇಡಿ, ಕಾಗದವನ್ನೇ ನೋಡಿ. ಮೊದಲು ಅದು ಕೊಳವೆಯಂತೆ ಸುರುಳಿಯಾಗಲು ಹೊರಡುತ್ತದೆ. ಆ ಕೊಳವೆ ಯಾವ ದಿಕ್ಕಿಗೆ ಉದ್ದವಾಗಿದೆಯೋ ಅದೇ ಗ್ರೇನಿನ ದಿಕ್ಕು. ಆಮೇಲೆ ತೇವ ಎಲ್ಲ ಕಡೆ ಸಮನಾದಂತೆ ಸುರುಳಿ ತಾನಾಗಿ ಬಿಚ್ಚಿ, ಚೂರು ಮೆತ್ತಗೆ ಮಲಗುತ್ತದೆ. ಈಗ ಎತ್ತಿಕೊಳ್ಳಿ. ಅಂಟಿಸುವ ಜಾಗಕ್ಕೂ ಒಂದು ತೆಳು ಕೈ ಅಂಟು ಹಚ್ಚಿರಬೇಕು. ನಡುವಿನಿಂದ ಹೊರಕ್ಕೆ ಒತ್ತುತ್ತಾ ಬನ್ನಿ. ಅಂಚಿನಿಂದ ಒಳಕ್ಕೆ ಒತ್ತಿದರೆ ಗಾಳಿ ಸಿಕ್ಕಿಬೀಳುತ್ತದೆ. ಬೆರಳು ನೇರವಾಗಿ ತಾಗಿದರೆ ಒದ್ದೆಯಾದ ಮುದ್ರಣದ ಮೈ ಕಿತ್ತುಬರಬಹುದು, ಅದಕ್ಕೆ ಮೇಲೊಂದು ಮೇಣದ ಕಾಗದ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ಮೇಣದ ಕಾಗದ ಹೊದಿಸಿ, ಮೇಲೊಂದು ಹಲಗೆ, ಹಲಗೆಯ ಮೇಲೆ ದಪ್ಪ ಪುಸ್ತಕಗಳನ್ನಿಟ್ಟು ರಾತ್ರಿಯಿಡೀ ಬಿಡಿ.

ಗುಳ್ಳೆ ಎದ್ದೇ ಬಿಟ್ಟರೆ ಕಿತ್ತುಹಾಕಬೇಡಿ. ಪೂರ್ತಿ ಒಣಗಲು ಬಿಡಿ, ಸಣ್ಣಪುಟ್ಟವು ಅರ್ಧಕ್ಕರ್ಧ ತಾವೇ ಕೂರುತ್ತವೆ. ಉಳಿದವನ್ನು ಬ್ಲೇಡಿನ ತುದಿಯಿಂದ ಗೀರಿ, ಸೂಜಿಯ ಮೊನೆಯಲ್ಲಿ ಒಂದು ಹನಿ ಅಂಟು ಬಿಟ್ಟು ಒತ್ತಿ.

ಒಣಗಿದ ಮೇಲೆ ರಟ್ಟೇ ಬಾಗಿದೆ ಎಂದೂ ಕೆಲವರು ಬರೆದಿದ್ದೀರಿ. ಅಂಟಿಸಿದ ಕಾಗದ ಒಣಗುತ್ತಾ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆದುಕೊಂಡಿದೆ. ರಟ್ಟಿನ ಹಿಂಬದಿಗೂ ಅಂಥದೇ ಕಾಗದವನ್ನು, ಅದೇ ಗ್ರೇನಿನ ದಿಕ್ಕಿನಲ್ಲಿ ಅಂಟಿಸಿ. ಎರಡೂ ಕಡೆಯ ಎಳೆತ ಸರಿದೂಗುತ್ತದೆ.

ಅಂಟಿನ ಬಗ್ಗೆ: ಗೋಧಿ ಪಿಷ್ಟದ ಅಂಟು ಅಥವಾ ಮೀಥೈಲ್ ಸೆಲ್ಯುಲೋಸ್ ಎಂಬ, ನೀರಿನಲ್ಲಿ ಕದಡುವ ಪುಡಿ ಅಂಟು ಆದರೆ ಮುಂದೆ ತೇವ ಕೊಟ್ಟು ಬಿಡಿಸಬಹುದು. ಬಡಗಿಗಳು ಬಳಸುವಂಥ ಬಿಳಿ ಅಂಟು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ. ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣ ಬೆರೆಸದ ಅಕ್ರಿಲಿಕ್ ದ್ರವ, ಅಂಟೂ ಹೌದು, ಮೇಲ್ಲೇಪವೂ ಹೌದು. ರಬ್ಬರ್ ಅಂಟನ್ನು ಮಾತ್ರ ಮುಟ್ಟಬೇಡಿ. ಪುಟ ಅಂಟಿಸುವಾಗ ನಾವು ಅದನ್ನೇ ಬಳಸುತ್ತಿದ್ದೆವು. ಆ ಪುಟಗಳು ಮುದ್ರಣವಾಗುವ ತನಕ ಉಳಿದರೆ ಸಾಕಿತ್ತು. ಅಂದಿನ ಕೆಲವು ಪುಟಗಳು ಇಂದಿಗೂ ನನ್ನಲ್ಲಿವೆ. ಅಂಟಿದ್ದ ಜಾಗದಲ್ಲೆಲ್ಲ ಕಂದು ಕಲೆ, ಮೇಲಿದ್ದ ತುಂಡು ಉದುರಿಹೋಗಿದೆ.

ಪ್ರಶ್ನೆ: ಅಂಟು ಹಚ್ಚಿದ ಮೇಲೆ ಹಾಳೆಯ ಹಿಂಬದಿಯ ಅಕ್ಷರಗಳು ಮುಂದೆ ಕಾಣತೊಡಗುತ್ತವೆ. ಇದಕ್ಕೆ ಪರಿಹಾರವಿದೆಯೇ?

ಉತ್ತರ: ಇದೆ, ಸುಲಭವೂ ಹೌದು. ತೆಳು ಕಾಗದದ ಮೂಲಕ ಹಾದ ಬೆಳಕು ಕೆಳಗಿನ ಬಿಳಿ ರಟ್ಟಿಗೆ ಬಡಿದು ಹಿಂದಕ್ಕೆ ಬರುವಾಗ ಹಿಂಬದಿಯ ಅಚ್ಚನ್ನೂ ತೋರಿಸುತ್ತದೆ. ಕೆಳಗೆ ಕಪ್ಪು ಕಾಗದವಿದ್ದರೆ ಆ ಬೆಳಕು ಅಲ್ಲೇ ಇಂಗುತ್ತದೆ, ಅಚ್ಚು ಮಸುಕಾಗುತ್ತದೆ. ಚಿತ್ರ ಒಂದು ಛಾಯೆ ಕಪ್ಪಾಗುತ್ತದೆ ಅಷ್ಟೆ. ಗಾಢ ಬಣ್ಣದ ಕೆಲಸಗಳನ್ನು ನಾನು ಕಪ್ಪು ರಟ್ಟಿನ ಮೇಲೆಯೇ ಮಾಡುತ್ತೇನೆ. ಮುಖದ ಬಣ್ಣ, ಆಕಾಶದಂಥ ತಿಳಿ ಚೂರುಗಳಾದರೆ ಹಿಂಬದಿಗೆ ಬಿಳಿ ಅಕ್ರಿಲಿಕ್ ಬಣ್ಣ ಬಳಿದು, ಒಣಗಿಸಿ ಆಮೇಲೆ ಅಂಟಿಸಿ. ಚೂರನ್ನು ಆರಿಸುವಾಗಲೇ ಹಾಳೆಯನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡರೆ ಇಷ್ಟೂ ಶ್ರಮ ಉಳಿಯುತ್ತದೆ. ದಪ್ಪ ಅಕ್ಷರದ ಶೀರ್ಷಿಕೆ ಹಿಂದಿದ್ದರೆ ಆ ಚೂರು ಬೇಡ.

ಪ್ರಶ್ನೆ: ನನಗೀಗ ಅರವತ್ತೇಳು. ನಿವೃತ್ತಿಯ ನಂತರ ಇದನ್ನು ಹಿಡಿದಿದ್ದೇನೆ. ಚಿತ್ರಕಲೆ ಕಲಿತ ಸಂಬಂಧಿಕರೊಬ್ಬರು, ‘ಬೇರೆಯವರ ಚಿತ್ರ ಕತ್ತರಿಸಿ ಅಂಟಿಸುವುದು ಕಲೆಯಲ್ಲ, ಕಾಲಹರಣ’ ಎಂದರು. ಮನಸ್ಸು ಕುಗ್ಗಿದೆ.

ಉತ್ತರ: ಕುಗ್ಗಬೇಡಿ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಬಟ್ಟೆಯ ತುಂಡೊಂದನ್ನು ತಮ್ಮ ವರ್ಣಚಿತ್ರದ ಮೇಲೆ ಅಂಟಿಸಿದರು. ಅದೇ ವರ್ಷ ಇನ್ನೊಬ್ಬ ಚಿತ್ರಕಾರ ಬ್ರಾಕ್ ಮರದ ಗೆರೆಗಳಿದ್ದ ಗೋಡೆಕಾಗದವನ್ನು ಕತ್ತರಿಸಿ ತಮ್ಮ ಚಿತ್ರದಲ್ಲಿ ಸೇರಿಸಿದರು. ಇಬ್ಬರಿಗೂ ಕುಂಚ ಹಿಡಿಯಲು ಚೆನ್ನಾಗಿಯೇ ಬರುತ್ತಿತ್ತು. ಕೊಲಾಜ್ ಎಂಬ ಹೆಸರು ಅಂಟಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು.

ನನಗೆ ಹೆಚ್ಚು ಹತ್ತಿರದವರು ಹನ್ನಾ ಹೋಖ್. ಬರ್ಲಿನ್ನಿನ ದೊಡ್ಡ ಪ್ರಕಾಶನ ಸಂಸ್ಥೆಯೊಂದರಲ್ಲಿ ಹೆಣಿಗೆ, ಕಸೂತಿಗಳ ವಿನ್ಯಾಸ ಬರೆಯುವ ಕೆಲಸದಲ್ಲಿದ್ದವರು ಅವರು. ಅಂಥ ಸಚಿತ್ರ ಪತ್ರಿಕೆಗಳ ಹಾಳೆಗಳನ್ನೇ ಕತ್ತರಿಸಿ, ರಾಜಕಾರಣಿಗಳ ತಲೆ, ಯಂತ್ರದ ಚಕ್ರ, ನರ್ತಕಿಯ ದೇಹಗಳನ್ನು ಒಂದೇ ಹಾಳೆಗೆ ತಂದರು. ಅವರ ಅತ್ಯಂತ ಪ್ರಸಿದ್ಧ ಕೃತಿಯ ಹೆಸರಿನಲ್ಲಿ ಅಡುಗೆಮನೆಯ ಚಾಕು ಇದೆ. ಅದು 1920ರಲ್ಲಿ ಬರ್ಲಿನ್ನಿನಲ್ಲಿ ನಡೆದ, ದಾದಾ ಎಂಬ ಬಂಡಾಯ ಕಲಾಪಂಥದ ಪ್ರದರ್ಶನದಲ್ಲಿ ಗೋಡೆಗೇರಿತು. ಪತ್ರಿಕಾ ಕಚೇರಿಯ ಕೆಲಸಗಾರ್ತಿ, ಪತ್ರಿಕೆಯ ಕಾಗದ, ಮನೆಯ ಚಾಕು. ಈ ಮೂರನ್ನೂ ನೆನೆದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತದೆ.

ವಯಸ್ಸಿನ ಮಾತಿಗೆ ಬಂದರೆ, ಮೇರಿ ಡಿಲೇನಿ 1700ರಲ್ಲಿ ಹುಟ್ಟಿದವರು. ಬಣ್ಣದ ಕಾಗದಗಳನ್ನು ಕತ್ತರಿಸಿ, ಕಪ್ಪು ಹಿನ್ನೆಲೆಯ ಮೇಲೆ ಹೂಗಿಡಗಳನ್ನು ಅಂಟಿಸಲು ಶುರುಮಾಡಿದಾಗ ಅವರಿಗೆ ಎಪ್ಪತ್ತರ ಮೇಲಾಗಿತ್ತು. ಕಣ್ಣು ಮಂಜಾಗಿ ಕೈಬಿಡುವಷ್ಟರಲ್ಲಿ ಒಂಬೈನೂರಕ್ಕೂ ಹೆಚ್ಚು ಹಾಳೆಗಳು ಸಿದ್ಧವಾಗಿದ್ದವು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವುಗಳನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ. ಕಲಾವಿದ ವಿನೋದ ಬಿಹಾರಿ ಮುಖರ್ಜಿಯವರು 1950ರ ದಶಕದಲ್ಲಿ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡ ಮೇಲೆ ಬಣ್ಣದ ಕಾಗದ ಕತ್ತರಿಸಿ ಕೊಲಾಜ್ ಮಾಡಿದರು. ನಿಮ್ಮ ಸಂಬಂಧಿಕರಿಗೆ ಈ ಹೆಸರುಗಳನ್ನು ಹೇಳಿ ವಾದ ಮಾಡಬೇಕಿಲ್ಲ. ನಿಮ್ಮ ಧೈರ್ಯಕ್ಕೆಂದು ಬರೆದೆ. ಕೆಲಸ ಮುಂದುವರಿಯಲಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿದ ಕೃತಿ ಈಗ ನೀಲಿನೀಲಿಯಾಗಿ ಕಾಣುತ್ತಿದೆ. ಪತ್ರಿಕೆಯ ಕಾಗದ ಎಷ್ಟು ಕಾಲ ಬಾಳುತ್ತದೆ?

ಉತ್ತರ: ಅದನ್ನು ಕಿಟಕಿಯ ಎದುರು ತೂಗುಹಾಕಿದ್ದೀರಿ ಎಂದು ಕಾಣುತ್ತದೆ. ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಮಜೆಂತಾ ಬಿಸಿಲಿಗೆ ಬೇಗ ಸೋಲುತ್ತವೆ, ಸಯಾನ್ ಮತ್ತು ಕಪ್ಪು ಹೆಚ್ಚು ತಡೆಯುತ್ತವೆ. ಹಳೆಯ ಭಿತ್ತಿಪತ್ರಗಳು ನೀಲಿಗೆ ತಿರುಗುವುದೂ ಇದರಿಂದಲೇ. ನನ್ನದೇ ಒಂದು ಕೃತಿಯಲ್ಲಿ, ಸಂಜೆಯ ಕೆಂಪಿನಲ್ಲಿ ಮನೆಗೆ ಮರಳುವ ಹೆಂಗಸರ ಸಾಲಿತ್ತು. ಕೊಂಡವರು ಅದನ್ನು ಬಿಸಿಲು ಬೀಳುವ ಪಡಸಾಲೆಯಲ್ಲಿ ಹಾಕಿದ್ದರು. ಮೂರು ವರ್ಷದ ನಂತರ ಹೋಗಿ ನೋಡಿದರೆ ಆ ಹೆಂಗಸರು ಬೆಳದಿಂಗಳಲ್ಲಿ ನಡೆಯುತ್ತಿದ್ದರು. ಅವರಿಗೆ ಮೊದಲೇ ಎಚ್ಚರಿಸದಿದ್ದುದು ನನ್ನ ತಪ್ಪು. ಅಂದಿನಿಂದ ಕೊಟ್ಟ ಪ್ರತಿ ಕೃತಿಯ ಹಿಂಬದಿಗೂ ‘ನೇರ ಬಿಸಿಲು ಬೇಡ’ ಎಂದು ಬರೆದೇ ಕೊಡುತ್ತೇನೆ.

ಶಾಯಿಯದು ಒಂದು ಕಥೆಯಾದರೆ ಕಾಗದದ್ದು ಇನ್ನೊಂದು. ಮರವನ್ನು ಅರೆದು ಮಾಡಿದ ಕಾಗದದಲ್ಲಿ ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ. ದಿನಪತ್ರಿಕೆ ಕೆಲವೇ ದಿನಗಳ ಬಿಸಿಲಿಗೆ ಬಣ್ಣ ತಿರುಗುತ್ತದೆ. ನಿಯತಕಾಲಿಕೆಗಳ ನುಣುಪು ಹಾಳೆ ಜೇಡಿಮಣ್ಣು ಅಥವಾ ಸುಣ್ಣದ ಪುಡಿಯ ಲೇಪದಿಂದಾಗಿ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ, ಆದರೂ ಒಳಗೆ ಲಿಗ್ನಿನ್ ಇರಬಹುದು. ನಿಮ್ಮ ಕೈಯಲ್ಲಿರುವ ಪತ್ರಿಕೆಯನ್ನು ಹೀಗೆ ಪರೀಕ್ಷಿಸಿ: ಬೇರೆ ಬೇರೆ ಬಣ್ಣಗಳಿರುವ ಒಂದು ಪಟ್ಟಿ ಕತ್ತರಿಸಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳಿಡಿ. ರಟ್ಟು ತೆಗೆದಾಗ ನಡುವೆ ಗೆರೆ ಎದ್ದು ಕಂಡರೆ ಆ ಪತ್ರಿಕೆಯ ಬಣ್ಣವನ್ನು ನಂಬಬೇಡಿ. ಕೆಲಸ ಮುಗಿದ ದಿನವೇ ಒಳ್ಳೆಯ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಸೇರಿ ಗ್ರಂಥಾಲಯದ ಸಭಾಂಗಣದಲ್ಲಿ ಮೂವತ್ತು ಕೊಲಾಜ್‌ಗಳ ಪ್ರದರ್ಶನ ಇಡಬೇಕೆಂದಿದ್ದೇವೆ. ಇದೇ ಮೊದಲು. ಯಾವುದಕ್ಕೆ ಗಮನ ಕೊಡಬೇಕು?

ಉತ್ತರ: ಮೊದಲು ಮೂವತ್ತನ್ನು ಹದಿನೆಂಟಕ್ಕೆ ಇಳಿಸಿ. ನೋವಾಗುತ್ತದೆ, ಆದರೂ ಇಳಿಸಿ. ಕೊಲಾಜ್ ಹತ್ತಿರ ನಿಂತು ನೋಡುವ ಕಲೆ, ಒತ್ತೊತ್ತಾಗಿ ತೂಗುಹಾಕಿದರೆ ಜನ ದೂರದಿಂದಲೇ ಕಣ್ಣಾಡಿಸಿ ಹೋಗುತ್ತಾರೆ.

ಎಲ್ಲ ಕೃತಿಗಳನ್ನೂ ನೆಲದ ಮೇಲೆ ಸಾಲಾಗಿ ಹರಡಿ, ಯಾವುದರ ಪಕ್ಕ ಯಾವುದು ಎಂದು ನಾಲ್ವರೂ ಒಪ್ಪಿದ ಮೇಲೆ ಗೋಡೆ ಮುಟ್ಟಿ. ಚೌಕಟ್ಟು ದೊಡ್ಡದಿರಲಿ ಚಿಕ್ಕದಿರಲಿ, ಅದರ ನಡುಬಿಂದು ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿ ಬರಲಿ. ಸಂಗ್ರಹಾಲಯಗಳಲ್ಲಿ ಹೆಚ್ಚಾಗಿ ಪಾಲಿಸುವ ಎತ್ತರ ಅದು, ನಿಂತವರ ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಮಕ್ಕಳು, ಗಾಲಿಕುರ್ಚಿಯವರು ಬರುವುದಿದ್ದರೆ ಇನ್ನೂ ಕೆಳಗಿಳಿಸಿ. ಕಾಗದದ ಕೃತಿಗಳಿಗೆ ಸಂಗ್ರಹಾಲಯಗಳು ಸುಮಾರು 50 ಲಕ್ಸ್ ಮಂದ ಬೆಳಕನ್ನಷ್ಟೇ ಕೊಡುತ್ತವೆ. ಕೆಲವೇ ದಿನಗಳ ಪ್ರದರ್ಶನಕ್ಕೆ ಅಷ್ಟು ಬಿಗಿ ಬೇಕಿಲ್ಲ, ಬಿಸಿಲು ಬೀಳುವ ಗೋಡೆಯೊಂದನ್ನು ಬಿಟ್ಟರೆ ಸಾಕು.

ಚೌಕಟ್ಟಿನ ವಿಷಯದಲ್ಲಿ ನನಗಾದದ್ದನ್ನು ಹೇಳಲೇಬೇಕು. ನನ್ನ ಮೊದಲ ಪ್ರದರ್ಶನಕ್ಕೆ ಅಮ್ಮನ ಮುಖವನ್ನು ಮಾಡಿದ್ದೆ. ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಅಂಟಿನ ಹಸಿ ಆರುವ ಮೊದಲೇ ಗಾಜು ಹಾಕಿಸಿದೆ, ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಇಡುವ ಕಿಟಕಿಯಂಥ ರಟ್ಟು, ಇರಲಿಲ್ಲ. ನಾಲ್ಕನೆಯ ದಿನ ಗಾಜಿನ ಒಳಗೆ ಮಂಜು ಕೂತಿತು. ಆಮೇಲೆ ಬಿಚ್ಚಿದಾಗ ಎಡಗೆನ್ನೆ ಪೂರ್ತಿ ಗಾಜಿಗೆ ಅಂಟಿಕೊಂಡು ಕಿತ್ತುಬಂತು. ನುಣುಪು ಕಾಗದದ ಲೇಪ ತೇವವಾದರೆ ತಾನೇ ಅಂಟಾಗುತ್ತದೆ ಎಂದು ನನಗೆ ಅಂದು ಗೊತ್ತಿರಲಿಲ್ಲ. ಆ ಗಾಜನ್ನು ಎಸೆಯಲು ಮನಸ್ಸಾಗದೆ ಇಂದಿಗೂ ಇಟ್ಟುಕೊಂಡಿದ್ದೇನೆ. ಆದ್ದರಿಂದ ಕನಿಷ್ಠ ಒಂದು ವಾರ ಒಣಗಿಸಿ. ಕೃತಿಗೂ ಗಾಜಿಗೂ ನಡುವೆ ಆಮ್ಲರಹಿತ ರಟ್ಟಿನ ಮೌಂಟ್ ಇರಲೇಬೇಕು. ಅದು ಅಲಂಕಾರಕ್ಕಲ್ಲ, ಗಾಳಿಯ ಜಾಗಕ್ಕೆ.

ಪ್ರತಿ ಕೃತಿಯ ಪಕ್ಕ ಹೆಸರು, ವರ್ಷ, ಮಾಧ್ಯಮ, ಅಳತೆ ಬರೆದ ಚೀಟಿ ಹಾಕಿ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಮಾಧ್ಯಮದ ಜಾಗದಲ್ಲಿ ‘ಮಿಶ್ರ ಮಾಧ್ಯಮ’ ಎಂದು ಮುಚ್ಚಿಡಬೇಡಿ. ‘ಹಳೆಯ ನಿಯತಕಾಲಿಕೆಯ ಕಾಗದ, ರಟ್ಟಿನ ಮೇಲೆ’ ಎಂದು ಧೈರ್ಯವಾಗಿ ಬರೆಯಿರಿ.

ಇನ್ನೊಂದು ಕೆಲಸ ಮಾಡಿ. ಬಾಗಿಲ ಬಳಿ ಒಂದು ಮೇಜಿಟ್ಟು, ನೀವು ಕತ್ತರಿಸಿ ಮುಗಿಸಿದ ಪತ್ರಿಕೆಗಳನ್ನೂ ಎರಡು ಭೂತಗನ್ನಡಿಗಳನ್ನೂ ಅದರ ಮೇಲಿಡಿ. ನಾನು ಒಮ್ಮೆ ಇಟ್ಟಿದ್ದೆ. ಜನ ಆ ತೂತುಬಿದ್ದ ಪುಟಗಳನ್ನು ತಿರುವುತ್ತಾ, ಈ ತೂತಿನ ತುಂಡು ಯಾವ ಚಿತ್ರದಲ್ಲಿದೆ ಎಂದು ಗೋಡೆಯ ಬಳಿಗೆ ಹೋಗಿ ಹುಡುಕುತ್ತಿದ್ದರು. ಒಬ್ಬ ಹುಡುಗ ಫ್ರಿಜ್ಜಿನ ಬಾಗಿಲೊಂದು ಕೊಕ್ಕರೆಯ ಕುತ್ತಿಗೆಯಾದದ್ದನ್ನು ಕಂಡುಹಿಡಿದು, ಬಂದವರಿಗೆಲ್ಲ ಕೈಹಿಡಿದು ತೋರಿಸಿದ.

ಪ್ರಶ್ನೆ: ಪತ್ರಿಕೆಯಲ್ಲಿ ಬಂದ ಪ್ರಸಿದ್ಧ ನಟಿಯ ಪೂರ್ಣ ಪುಟದ ಚಿತ್ರವನ್ನು ನಡುವೆ ಇಟ್ಟು ಕೃತಿ ಮಾಡಿದ್ದೇನೆ. ಮಾರಬಹುದೇ?

ಉತ್ತರ: ಪತ್ರಿಕೆಯ ಪ್ರತಿ ನಿಮ್ಮದು, ಅದರಲ್ಲಿರುವ ಛಾಯಾಚಿತ್ರದ ಹಕ್ಕು ನಿಮ್ಮದಲ್ಲ. ಸಣ್ಣ ಚೂರುಗಳನ್ನು ಗುರುತೇ ಸಿಗದಷ್ಟು ಬದಲಿಸಿ ಬಳಸುವುದಕ್ಕೂ ಒಬ್ಬರ ಇಡೀ ಚಿತ್ರವನ್ನು ಹಾಗೆಯೇ ನಡುವೆ ಇಡುವುದಕ್ಕೂ ಬಹಳ ಅಂತರವಿದೆ. ಇದರ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಮನೆಯ ಗೋಡೆಗಾದರೆ ಸರಿ, ಮಾರುವುದಕ್ಕೆ ಅಥವಾ ಅದರ ಪ್ರತಿಗಳನ್ನು ಅಚ್ಚು ಹಾಕಿಸುವುದಕ್ಕೆ ಮೊದಲು ಹಕ್ಕುದಾರರ ಲಿಖಿತ ಅನುಮತಿ ಪಡೆಯಿರಿ. ಕಾನೂನು ಹಾಗಿರಲಿ, ಆ ಛಾಯಾಗ್ರಾಹಕರೂ ನಮ್ಮಂತೆ ದುಡಿದವರು.

ಪ್ರಶ್ನೆ: ಅಪ್ಪ ನಲವತ್ತು ವರ್ಷ ಕೂಡಿಟ್ಟ ಪತ್ರಿಕೆಗಳು ಎರಡು ಟ್ರಂಕ್ ತುಂಬ ಇವೆ. ಅವರು ಈಗಿಲ್ಲ. ಅವುಗಳಿಂದ ಅವರ ನೆನಪಿಗೆ ಒಂದು ದೊಡ್ಡ ಕೊಲಾಜ್ ಮಾಡಬೇಕೆಂಬ ಆಸೆ. ಕತ್ತರಿ ಕೈಗೆತ್ತಿಕೊಂಡರೆ ಕೈ ಓಡುವುದಿಲ್ಲ. ಕತ್ತರಿಸಬಹುದೇ ಮೇಡಂ?

ಉತ್ತರ: ಈಗಲೇ ಬೇಡ. ಮೊದಲು ಎಲ್ಲವನ್ನೂ ಒಮ್ಮೆ ಪುಟಪುಟವಾಗಿ ತಿರುವಿ. ಹಳೆಯ ಪಿನ್ನುಗಳು ತುಕ್ಕು ಹಿಡಿದಿರುತ್ತವೆ, ಎಳೆದರೆ ಹಾಳೆ ಹರಿಯುತ್ತದೆ. ಪಿನ್ನಿನ ಕಾಲುಗಳನ್ನು ಚಪ್ಪಟೆ ಚಾಕುವಿನಿಂದ ನಿಧಾನವಾಗಿ ನೆಟ್ಟಗೆ ಮಾಡಿ, ಹಿಂದಿನಿಂದ ಹೊರತೆಗೆಯಿರಿ. ಆಮೇಲೆ ಏನೂ ಅಚ್ಚಾಗಿರದ ಒಂದು ಮೂಲೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ. ಎರಡು ಮೂರು ಸಲಕ್ಕೆ ಮೂಲೆ ಮುರಿದು ಬಿದ್ದರೆ ಆ ಕಾಗದ ಅಂಟಿನ ತೇವವನ್ನು ತಾಳುವುದಿಲ್ಲ. ಅಂಥ ಪುಟಗಳನ್ನು ಸ್ಕ್ಯಾನ್ ಮಾಡಿಸಿ, ಆಮ್ಲರಹಿತ ಕಾಗದದ ಮೇಲೆ ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ ಅಚ್ಚು ಹಾಕಿಸಿಕೊಂಡು ಅದನ್ನು ಕತ್ತರಿಸಿ. ಹಾಗೆ ಮಾಡಿದ್ದು ಮೂಲ ಕಾಗದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಮೊದಲ ಸಂಚಿಕೆಗಳು, ನಿಂತುಹೋದ ಪತ್ರಿಕೆಗಳು ಸಿಕ್ಕರೆ ಗ್ರಂಥಾಲಯದವರಿಗೊಮ್ಮೆ ತೋರಿಸಿ, ಅವರಲ್ಲಿ ಆ ಪ್ರತಿ ಇಲ್ಲದಿರಬಹುದು. ಎರಡೆರಡು ಪ್ರತಿಗಳಿದ್ದರೆ ಒಂದನ್ನು ನಿಶ್ಚಿಂತೆಯಿಂದ ಕತ್ತರಿಸಿ. ಜಾಹೀರಾತಿನ ಪುಟಗಳಿಂದ ಶುರುಮಾಡಿದರೆ ಕೈ ಓಡುತ್ತದೆ.

ತಿರುವುವಾಗ ಒಂದು ಪೆನ್ಸಿಲ್ ಗೆರೆ, ಅಂಚಿನಲ್ಲಿ ಬರೆದ ಒಂದು ಪದ, ಗುರುತಿಗೆ ಮಡಿಸಿಟ್ಟ ಮೂಲೆ ಸಿಗಬಹುದು. ಆ ಪುಟಗಳನ್ನು ಬೇರೆಯೇ ತೆಗೆದಿಡಿ. ಚಿತ್ರದಲ್ಲಿ ಅವು ಇರಲೇಬೇಕೆನಿಸಿದರೆ ಕತ್ತರಿಸದೆ ಇಡೀ ಹಾಳೆಯನ್ನು ಸೇರಿಸಿ, ಮಡಿಸಿದ ಮೂಲೆಯನ್ನು ಬಿಡಿಸದೆ.